ಗಿಡ್ಡಮ್ಮನಿಗೆ ಹೇಳದೆ

ಗಿಡ್ಡಮ್ಮನ ಬಾಯಿಗೆ ಅಕ್ಕಿ ಹಾಕಲು ಬಗ್ಗಿದಾಗ ರೂಪಶ್ರೀಯ ಹೆಗಲಿನ ಬ್ಯಾಗು ಜಾರಿತು. ತೆರೆದಿದ್ದ ಜಿಪ್ಪಿನಿಂದ ಕ್ಯಾಲ್ಕುಲೇಟರ್ ಹೊರಬಿದ್ದು ಚಟ್ಟದ ಬಿದಿರಿಗೆ ಟಕ್ಕೆಂದು ಬಡಿಯಿತು. ಅಳುತ್ತಿದ್ದವರೂ ನಿಲ್ಲಿಸಿ ನೋಡಿದರು.

“ಎಂಥದಮ್ಮಾ ಅದು, ಮೊಬೈಲಾ?” ಗಿಡ್ಡಮ್ಮನ ಅಣ್ಣ ಚೌಡಯ್ಯ ಕೇಳಿದರು.

“ಅಲ್ಲ ಅಜ್ಜ, ಲೆಕ್ಕ ಮಾಡೋದು.”

“ಇವತ್ತು ಮಧ್ಯಾಹ್ನ ಪರೀಕ್ಷೆ ಇವ್ಳಿಗೆ,” ಗಿಡ್ಡಮ್ಮನ ಸೊಸೆ ರಶ್ಮಿ ಮೂಗೊರೆಸಿಕೊಂಡಳು. “ಅತ್ತೇದು ನಿನ್ನೆಯೆಲ್ಲ ಅದೇ ಜಪ. ರೂಪಂಗೆ ಪರೀಕ್ಷೆ, ರೂಪಂಗೆ ಪರೀಕ್ಷೆ. ನನ್ನ ಹೆರಿಗೆಗೂ ಅಷ್ಟು ಹೆದರಿರ್ಲಿಲ್ಲ.”

ಯಾರೋ ನಕ್ಕು, ತಕ್ಷಣ ಕೆಮ್ಮಿದರು. ರೂಪಶ್ರೀಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಬೆಳಿಗ್ಗೆ ಎಂದಿನಂತೆ ವಸ್ತಾರೆಯಲ್ಲಿ ಇಳಿದಾಗ ಗಿಡ್ಡಮ್ಮನ ಹೋಟೆಲಿನ ಬಾಗಿಲು ಹಾಕಿತ್ತು. ಹಾಲು ಕಾಯಿಸುತ್ತಿದ್ದವರು ಹಾಗೇ ಕುಸಿದರಂತೆ ಎಂದು ಎದುರಿನ ಅಂಗಡಿಯವರು ಹೇಳಿದರು. ಆ ಮಾತು ಕಿವಿಯವರೆಗೆ ಬಂದು ಅಲ್ಲೇ ನಿಂತಿತ್ತು.

ಮ್ಯಾಥ್ಸ್ ಪೇಪರಿಗೆ ಅವಳು ಕೂರುತ್ತಿರುವುದು ಇದು ಮೂರನೇ ಸಲ. ಈ ಸಲವೂ ಹೋದರೆ ಕಾಲೇಜೇ ಬಿಡುತ್ತೇನೆಂದು ಅವಳೇ ಮನೆಯಲ್ಲಿ ಹೇಳಿಬಿಟ್ಟಿದ್ದಳು.

*

ಎರಡನೇ ಸಲ ಫೇಲಾದ ಮೇಲೆ, ಕಾಲೇಜಿಗೆಂದು ಗೋಣಿಬೀಡಿನಲ್ಲಿ ಬಸ್ಸು ಹತ್ತಿದವಳು ಚಿಕ್ಕಮಗಳೂರಿಗೆ ಹೋಗದೆ ನಡುವೆ ವಸ್ತಾರೆಯಲ್ಲಿ ಇಳಿದು, ಸಂಜೆಯವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿರತೊಡಗಿದಳು. ಕೆಲವು ದಿನ ನೋಡಿದ ಗಿಡ್ಡಮ್ಮ ರಸ್ತೆಯಾಚೆಯಿಂದಲೇ ಕೂಗಿದರು.

“ಏ ಹುಡುಗಿ, ಕಾಲೇಜು ವಸ್ತಾರೆಗೆ ಬಂತಾ? ಒಳಗೆ ಬಂದು ಕೂತ್ಕೋ. ಅಲ್ಲಿ ಕೂತ್ರೆ ಬಸ್ಸಿನೋರೆಲ್ಲ ನೋಡ್ತಾರೆ.”

ಬೆಂಚಿನ ಮೇಲೆ ಪುಸ್ತಕ ಬಿಡಿಸಿದಳು. ಗಿಡ್ಡಮ್ಮ ಈರುಳ್ಳಿ ಹೆಚ್ಚುತ್ತಿದ್ದರು.

“ಎಂಥ ಅದು? ನಂಗೂ ಹೇಳು.”

“ನಿಮ್ಗೆ ಅರ್ಥ ಆಗಲ್ಲ ಅಕ್ಕ.”

“ನಿಂಗೂ ಆಗಿಲ್ವಲ್ಲ ಮಾರಾಯ್ತಿ. ಹೇಳು.”

ಹೇಳಿದಳು. ಒಂದು ಸಾಲು ಮುಗಿದರೆ “ಆಮೇಲೆ?” ಇನ್ನೊಂದು ಮುಗಿದರೆ ಮತ್ತೆ “ಆಮೇಲೆ?” ಮುಂದಿನ ಸಾಲಿಗೆ ಗಿಡ್ಡಮ್ಮನ ಚಾಕು ನಿಂತಿತು.

“ಇಲ್ಲಿ ಓಡಿದೆ ನೀನು. ಗೊತ್ತಿಲ್ದಿದ್ದಾಗ ಬೇಗ ಬೇಗ ಹೇಳ್ತೀಯ.”

ಅದು ಅವಳಿಗೆ ಎಂದೂ ಅರ್ಥವಾಗದ ಸಾಲೇ ಆಗಿತ್ತು.

ಎಂಎಸ್ಸಿ ಓದುತ್ತಿದ್ದ ನಂದನ್ ಟೀ ಕುಡಿದು ಬಸ್ಸಿಗೆ ಏಳುತ್ತಿದ್ದ. ಗಿಡ್ಡಮ್ಮ ಅವನ ಬ್ಯಾಗು ಹಿಡಿದೆಳೆದರು. “ಕೂತ್ಕೋ ಮಾರಾಯ. ಈ ಒಂದು ಸಾಲು ಹೇಳ್ಕೊಟ್ಟು ಹೋಗು. ಬಸ್ಸು ಇನ್ನೊಂದು ಬರುತ್ತೆ.” ಅವನ ಬಸ್ಸು ಹೋಯಿತು. ಮರುದಿನವೂ ಹೋಯಿತು.

ಆ ಮೊದಲ ಸಂಜೆ ಅವಳು ಯಾರಿಗೂ ಹೇಳದೆ ಎದ್ದು ಬಸ್ಸು ಹತ್ತಿದ್ದಳು. ಗಿಡ್ಡಮ್ಮ ಸೌಟು ಹಿಡಿದೇ ರಸ್ತೆಗೆ ಓಡಿ ಬಂದು ಬಸ್ಸಿಗೆ ಅಡ್ಡ ನಿಂತರು.

“ಹೇಳ್ದೆ ಹೋಗೋರನ್ನ ಕಂಡ್ರೆ ನಂಗೆ ಭಯ. ಬರ್ತೀನಿ ಅಂತ ಹೇಳು. ನಾಳೆ ಬರ್ತೀಯ ಅಂತ ನಂಗೆ ಗೊತ್ತಾಗ್ಬೇಕು.”

ಬಸ್ಸಿನವರೆಲ್ಲ ನೋಡುತ್ತಿದ್ದರು. ರೂಪಶ್ರೀ ಕಿಟಕಿಯಿಂದ ತಲೆ ಹೊರಹಾಕಿ, “ಬರ್ತೀನಿ ಅಕ್ಕ,” ಎಂದಳು. ಅಂದಿನಿಂದ ಒಂದು ಸಂಜೆಯೂ ತಪ್ಪಿಸಿರಲಿಲ್ಲ.

*

“ಸಾವಿನ ಮನೆಯಿಂದ ಪರೀಕ್ಷೆಗಾ?” ಚೌಡಯ್ಯ ಹುಬ್ಬು ಗಂಟಿಕ್ಕಿದರು.

“ತಲೆಗೆ ನೀರು ಹುಯ್ಕೊಂಡು ಹೋಗ್ಲಿ ಮಾವ. ಹೋಗ್ದಿದ್ರೆ ಅತ್ತೆ ಎದ್ದು ಕೂತಾರು,” ಎಂದಳು ರಶ್ಮಿ. ಬಚ್ಚಲಿಗೆ ಕರೆದೊಯ್ದು ತಾನೇ ನೀರು ತೋಡಿಕೊಟ್ಟಳು, ತೊಡಲು ತನ್ನದೊಂದು ಚೂಡಿದಾರ್ ಕೊಟ್ಟಳು.

ನಂದನ್ ಹೆಗಲಿಗೆ ಟವೆಲ್ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. “ನಾನು ಹೆಗಲು ಕೊಡ್ತೀನಿ. ನೀನು ಹೊರಡು. ಈ ಬಸ್ಸು ತಪ್ಪಿದ್ರೆ ಪರೀಕ್ಷೆ ಹಾಲ್‌ಗೆ ಬಿಡಲ್ಲ.”

“ಒಂದು ಸಾಲೂ ನೆನಪಾಗ್ತಿಲ್ಲ.”

“ಪೇಪರ್ ನೋಡಿದ್ಮೇಲೆ ಬರುತ್ತೆ.”

“ಬರ್ದಿದ್ರೆ?”

ನಂದನ್ ಟವೆಲ್ ಸರಿಮಾಡಿಕೊಂಡ.

ಅಂಗಳದ ತುದಿಗೆ ಹೋದವಳು ಅಭ್ಯಾಸದಂತೆ ಗಿಡ್ಡಮ್ಮನ ಕಡೆ ತಿರುಗಿ ಬಾಯಿ ತೆರೆದಳು.

“ಹೇಳ್ಬಾರ್ದು!” ಚೌಡಯ್ಯ ಕೈಯೆತ್ತಿದರು. “ಸಾವಿನ ಮನೆಯಿಂದ ಬರ್ತೀನಿ ಅಂತ ಹೇಳಿ ಹೋಗ್ಬಾರ್ದಮ್ಮ. ಸುಮ್ನೆ ಹೋಗು.”

ಅವಳು ಬಾಯಿ ಮುಚ್ಚಿಕೊಂಡು ನಡೆದಳು.

ಬಸ್ಸು ತಡವಾಗಿ ಬಂತು. ಅವಳು ಹತ್ತಿದ ಮೇಲೆ ಮೊದಲ ತಿರುವು ದಾಟುತ್ತಲೇ ನಿಧಾನವಾಯಿತು. ಮುಂದೆ ತಮಟೆ, ಹೊಗೆ, ಜನ. ಎರಡೂ ಕಡೆ ಕಾಫಿ ತೋಟದ ಬೇಲಿ.

“ಯಾರದ್ದಂತೆ?” ಹಿಂದಿನ ಸೀಟಿನವರು ಕೇಳಿದರು.

“ಹೋಟೆಲ್ ಗಿಡ್ಡಮ್ಮಂದು,” ಎಂದ ಕಂಡಕ್ಟರ್. ಡ್ರೈವರ್ ಹಾರ್ನ್ ಹೊಡೆಯಲಿಲ್ಲ. ಬಸ್ಸು ನಡೆಯುವವರ ಹಿಂದೆ ನಡೆಯುವಂತೆಯೇ ಸಾಗಿತು. ರೂಪಶ್ರೀಯ ಕೂದಲಿನಿಂದ ನೀರು ಹಾಲ್‌ಟಿಕೆಟ್ ಮೇಲೆ ಬೀಳುತ್ತಿತ್ತು. ಅವಳು ಒರೆಸಲಿಲ್ಲ.

ಚಟ್ಟ ಹೊತ್ತಿದ್ದ ನಂದನ್ ಹಿಂದೆ ತಿರುಗಿ ಬಸ್ಸನ್ನು ನೋಡಿ, ಚೌಡಯ್ಯನಿಗೆ ಏನೋ ಹೇಳಿದ. ಅವರು ಬಸ್ಸಿನ ಕಿಟಕಿಗಳತ್ತ ಒಮ್ಮೆ ನೋಡಿದರು. ಆಮೇಲೆ ಕೂಗಿದರು.

“ಬದಿಗೆ ಬನ್ರೋ! ಹುಡುಗಿಗೆ ಪರೀಕ್ಷೆ ಇದೆ!”

ತಮಟೆ ನಿಂತಿತು. ಹೊತ್ತವರು ಬೇಲಿಗೆ ಒತ್ತಿ ನಿಂತರು. ಬಸ್ಸು ಅವರನ್ನು ಸವರಿಕೊಂಡಂತೆ ಮುಂದೆ ಹೋಯಿತು. ಕಿಟಕಿಯಷ್ಟೇ ಎತ್ತರಕ್ಕೆ, ಕೈಗೆ ಸಿಗುವಷ್ಟು ಹತ್ತಿರ, ಗಿಡ್ಡಮ್ಮನ ಮುಖ ಬಂತು. ತುಟಿಯ ಮೇಲೆ ಎರಡು ಅಕ್ಕಿ ಕಾಳು ಇನ್ನೂ ಅಂಟಿದ್ದವು.

ರೂಪಶ್ರೀ ಗಾಜು ಸರಿಸಿದಳು. ಬಾಯಿ ತೆರೆದಳು.

ಅವಳನ್ನೇ ನೋಡುತ್ತಿದ್ದ ಚೌಡಯ್ಯ, ಮುಖ ತಿರುಗಿಸಿ ಕಾಫಿ ಗಿಡಗಳನ್ನು ನೋಡತೊಡಗಿದರು.