ಕತ್ತರಿ ಹಾಕಿದ್ದು ನಾನೇ

ಗಾಜಿನ ಬಾಗಿಲ ಆಚೆ ಮ್ಯಾನೇಜರ ಬೋಳುತಲೆ ಹೌದು ಹೌದು ಅಂತ ಅಲ್ಲಾಡ್ತಿದೆ, ಎದುರಿಗೆ ಕೂತವರ ಬೆನ್ನು ಮಾತ್ರ ಕಾಣ್ತಿದೆ, ಅಂಗಿಯ ಎಡ ಹೆಗಲ ಹೊಲಿಗೆ ಅರ್ಧ ಬೆರಳು ಕೆಳಗೆ ಜಾರಿದೆ, ಯಾರೋ ಅರೆಮನಸ್ಸಿಂದ ಹೊಲಿದದ್ದು — ನೋಡು ನನ್ನ ಬುದ್ಧಿ, ಬೈಸಿಕೊಳ್ಳೋಕೆ ಹೊರಗೆ ಕೂರಿಸಿದಾರೆ, ಕಣ್ಣು ಮಾತ್ರ ಹೊಲಿಗೆ ಮೇಲೆ, ಇಪ್ಪತ್ತೆಂಟು ವರ್ಷ ಇದೇ ಬಟ್ಟೆ ಅಂಗಡಿಯ ಮೂಲೇಲಿ ಕೂತು ಊರವರ ಪ್ಯಾಂಟಿನ ಉದ್ದ ಕಮ್ಮಿ ಮಾಡಿ, ಸೊಂಟ ಬಿಗಿ ಮಾಡಿ, ಉದುರಿದ ಗುಂಡಿ ಹಾಕಿ ಸವೆದ ಕಣ್ಣು, ಅದಕ್ಕೇನು ಗೊತ್ತು ಯಾವಾಗ ಸುಮ್ಮನಿರಬೇಕು ಅಂತ. ಆ ಬೆನ್ನು ಬಸ್ ಡ್ರೈವರಮ್ಮನ ಅಣ್ಣಂದು. ಅವರ ಕೈಲಿ ಫೋನು, ಫೋನಲ್ಲಿ ನಾನು, ಹನ್ನೊಂದು ಸೆಕೆಂಡು, ಯಾರೋ ಮಹಡಿ ಮೆಟ್ಟಿಲ ಮೇಲಿಂದ ತೆಗೆದದ್ದು, ನಾನು ಅವರ ತಂಗಿಯ ಅಂಗಿ ಕತ್ತರಿಸ್ತಾ ಇರೋದು. ತಂಗಿಯನ್ನ ಆಸ್ಪತ್ರೇಲಿ ನೋಡೋಕೆ ಮುಂಚೆ ಅದನ್ನ ನೋಡಿದರಂತೆ. ಪಾಪ ಅನ್ನಿಸಬೇಕು, ಅನ್ನಿಸ್ತದೆ ಕೂಡ, ಆದರೆ ತೊಡೆ ಮೇಲಿರೋ ಈ ಹಾಳೆ ನೋಡಿದರೆ ಪಾಪ ಎಲ್ಲ ಆವಿಯಾಗಿ ಹೋಗ್ತದೆ — ನನ್ನ ಅಚಾತುರ್ಯದಿಂದ ಮಹಿಳೆಯೊಬ್ಬರ ಮಾನಕ್ಕೆ ಧಕ್ಕೆ ಉಂಟಾದುದಕ್ಕಾಗಿ ಕ್ಷಮೆ ಕೋರುತ್ತೇನೆ — ಎಷ್ಟು ಇಸ್ತ್ರಿ ಹಾಕಿದ ಮಾತು, ಕೆಳಗೆ ಚುಕ್ಕಿ ಚುಕ್ಕಿ ಗೆರೆ, ಅಲ್ಲಿ ನನ್ನ ಸಹಿ. ಟೈಲರಮ್ಮ, ಒಂದು ಸಹಿ ಹಾಕಿಬಿಡಿ, ಹಾವೂ ಸಾಯಬೇಕು ಕೋಲೂ ಮುರೀಬಾರದು, ಅಂತ ಮ್ಯಾನೇಜರು ಬೆಳಿಗ್ಗೆ. ಇಲ್ಲಿ ಹಾವು ಯಾರು ಸಾರ್ ಅಂದೆ. ಅವರು ಟೈ ಸರಿ ಮಾಡಿಕೊಂಡರು.

ಅಚಾತುರ್ಯವಂತೆ. ಮಂಗಳವಾರ ಹನ್ನೊಂದೂವರೆ, ಡ್ರೈವರಮ್ಮ ಕನ್ನಡಿ ಮುಂದೆ ನಿಂತಿದ್ದಳು, ಹೊಸ ಯೂನಿಫಾರ್ಮು, ನನ್ನ ಬಾಯಲ್ಲಿ ನಾಲ್ಕು ಗುಂಡುಪಿನ್ನು, ಸ್ಟೀರಿಂಗು ತಿರುಗಿಸಿ ತಿರುಗಿಸಿ ಪೈಲ್ವಾನರ ತೋಳಾಗಿದೆ ಟೈಲರಮ್ಮ, ಒಂದಿಂಚು ಬಿಡಿ, ಅಂತ ನಗ್ತಿದ್ದಳು, ನಲವತ್ತೆರಡು ವರ್ಷ ಅಷ್ಟೆ, ಯಾಕೋ ಒಂಥರಾ ಅಂದಳು, ಕನ್ನಡಿಗೆ ಕೈ ಊರಿದಳು, ಬೆವರಿನ ಐದು ಬೆರಳು ಗಾಜಿನ ಮೇಲೆ ಉಳಿದವು, ಅವಳು ನೆಲಕ್ಕೆ. ಪಿನ್ನು ಅಂಗೈಗೆ ಉಗಿದೆ. ಕೂಗಿದೆ, ಭುಜ ತಟ್ಟಿದೆ, ಹಾ ಇಲ್ಲ ಹೂ ಇಲ್ಲ. ನೀರಿಂದ ತೆಗೆದ ಮೀನಿನ ಹಾಗೆ ಒಂದು ಸಲ ಬಾಯಿ ತೆರೆದಳು, ತುಂಬ ಹೊತ್ತು ಬಿಟ್ಟು ಇನ್ನೊಂದು ಸಲ. ಉಸಿರಾಡ್ತಿದಾರೆ, ಉಸಿರಾಡ್ತಿದಾರೆ, ಅಂದರು ಚಪ್ಪಲಿ ವಿಭಾಗದ ಸೂಪರ್‌ವೈಸರು. ಅದು ಉಸಿರಲ್ಲ ರೀ — ನರ್ಸಮ್ಮ ಹೇಳಿದ್ದಳು, ಎರಡು ವರ್ಷದ ಹಿಂದೆ ಲಿಫ್ಟ್ ಪಕ್ಕ, ನಿಂತ ಹೃದಯಕ್ಕೆ ಕರೆಂಟು ಕೊಟ್ಟು ಎಬ್ಬಿಸೋ ಆ ಹಸಿರು ಪೆಟ್ಟಿಗೆ ಹಾಕಿಸಿದಾಗ ನಮಗೆಲ್ಲ ಒಂದು ದಿನ ಪಾಠ ಮಾಡಿದಳಲ್ಲ, ಹೃದಯ ನಿಂತಾಗ ಹೀಗೇ ಬಾಯಿ ಬಿಡ್ತಾರೆ, ಮೋಸ ಹೋಗಬೇಡಿ, ಎದೆ ಒತ್ತೋಕೆ ಶುರು ಮಾಡಿ, ಪೆಟ್ಟಿಗೆ ತರಿಸಿ, ಕರೆಂಟು ಕೊಡಬೇಕೋ ಬೇಡವೋ ಪೆಟ್ಟಿಗೆಯೇ ನೋಡಿ ಹೇಳ್ತದೆ. ಪ್ಲಾಸ್ಟಿಕ್ಕಿನ ಬೊಂಬೆ ತಂದಿದ್ದಳು, ಗಂಡಸಿನ ಎದೆ, ಬಟಾಬಯಲು. ಮೇಡಂ, ಹೆಂಗಸಾದರೆ, ಅಂತ ಕೇಳಿದ್ದು ನಾನೇ, ಎಲ್ಲರೂ ನಕ್ಕರು, ಸೂಪರ್‌ವೈಸರು ಹೊಟ್ಟೆ ಹಿಡಕೊಂಡು ನಕ್ಕರು, ನರ್ಸಮ್ಮ ನಗಲಿಲ್ಲ. ಹೆಂಗಸಾದರೂ ಅದೇ ಹೃದಯ, ಅದೇ ಜಾಗ, ಪೆಟ್ಟಿಗೆಯ ಪಟ್ಟಿ ಬರೀ ಚರ್ಮಕ್ಕೇ ಅಂಟಿಸಬೇಕು, ಗುಂಡಿ ಬಿಚ್ಚುತ್ತಾ ಕೂರಬೇಡಿ, ಕತ್ತರಿ ಹಾಕಿ. ಆವತ್ತು ಎಲ್ಲರಿಗೂ ಸರ್ಟಿಫಿಕೇಟು, ಸೂಪರ್‌ವೈಸರದ್ದು ಚೌಕಟ್ಟಲ್ಲಿ ಗೋಡೆ ಮೇಲೆ, ಮಂಗಳವಾರ ಅವರು ಅದರ ಕೆಳಗೇ ನಿಂತು ಎರಡೂ ಕೈ ಮೇಲೆತ್ತಿ, ಲೇಡೀಸ್ ಯಾರಾದ್ರೂ ಬನ್ನಿ, ಹೆಂಗಸು ಕಣ್ರೀ, ನಾವು ಹೇಗೆ ಮುಟ್ಟೋದು.

ನಮ್ಮ ಅತ್ತೆಯನ್ನೂ ಯಾರೂ ಮುಟ್ಟಲಿಲ್ಲ, ಆ ಪಾಠಕ್ಕೂ ಮುಂಚಿನ ಮಾತು. ನನ್ನ ಗಂಡನ ತಾಯಿ, ಬಟ್ಟೆ ಕತ್ತರಿಸೋದು ನನಗೆ ಕಲಿಸಿದೋರು, ನೆಂಟರ ಮದುವೆಯ ಛತ್ರದಲ್ಲಿ ಊಟಕ್ಕೆ ಕೂತಲ್ಲೇ ಒರಗಿದರು, ಹೆಂಗಸರೆಲ್ಲ ಸುತ್ತ ಗೋಡೆ ಕಟ್ಟಿ ನಿಂತರು, ಒಬ್ಬಳು ಶಾಲು ಹೊದಿಸಿದಳು, ಇನ್ನೊಬ್ಬಳು ಅದರ ಮೇಲೆ ಇನ್ನೊಂದು, ಕಾಲು ಕಾಣ್ತಿದೆ ಮುಚ್ಚಿ, ಮುಚ್ಚಿ, ನಾನೇ ಬಗ್ಗಿ ಮೊಣಕಾಲ ಮೇಲಿನ ಬಟ್ಟೆ ಎಳೆದು ಸರಿ ಮಾಡಿದೆ, ನಾನೇ, ಈ ಕೈಯಲ್ಲೇ, ಒಂದು ಸುಕ್ಕೂ ಉಳಿಸಲಿಲ್ಲ. ಛತ್ರದ ಬಾಗಿಲ ಹತ್ತಿರ ಇಂಥದೇ ಪೆಟ್ಟಿಗೆ ಇತ್ತಂತೆ, ಯಾರೂ ತಿರುಗಿ ನೋಡಲಿಲ್ಲ. ಇಪ್ಪತ್ತು ನಿಮಿಷಕ್ಕೆ ಆಂಬುಲೆನ್ಸು ಬಂತು, ಅವರು ಶಾಲು ತೆಗೆದರು, ಮತ್ತೆ ಹೊದಿಸಿದರು, ಮುಖದ ಮೇಲೂ. ಮಾನವಾಗಿ ಹೋದರು ಅಂದರು ನೆಂಟರು. ಹೋದರಲ್ಲ! ಮಾನ ಇಲ್ಲೇ ಉಳೀತು, ಅತ್ತೆ ಹೋದರು, ಆ ಮಾನ ಕಟ್ಟಿಕೊಂಡು ನಾನು ಏನು ಮಾಡಲಿ.

ಅದಕ್ಕೇ ಮಂಗಳವಾರ ನನ್ನ ಕೈ ನಿಲ್ಲಲಿಲ್ಲ. ಎದೆ ಒತ್ತುತ್ತಾ ಎಣಿಸ್ತಿದ್ದೆ, ಬಾಗಿಲು ಕಾಯೋ ಗೇಟ್ ಮಾಮ ಆಂಬುಲೆನ್ಸಿಗೆ ಫೋನು ಮಾಡ್ತಲೇ ಪೆಟ್ಟಿಗೆ ಅವಚಿಕೊಂಡು ಓಡಿಬಂದ, ಅರವತ್ತು ದಾಟಿದ ಮನುಷ್ಯ, ಅಕ್ಕಾ, ನಾನು ಒತ್ತುತೀನಿ, ನೀನು ಬಟ್ಟೆ ನೋಡು ಅಂದ. ಬಿಲ್ ಕೌಂಟರಿನ ಹುಡುಗಿಯರಿಬ್ಬರಿಗೆ ಟ್ರಯಲ್ ರೂಮಿನ ಪರದೆ ಕಿತ್ತು ಸುತ್ತ ಹಿಡೀರಿ ಅಂದೆ, ಹಿಡಿದರು, ಇದು ಆ ಹನ್ನೊಂದು ಸೆಕೆಂಡಲ್ಲಿ ಇಲ್ಲ, ಪರದೆಗೆ ಸೂರು ಇರಲಿಲ್ಲ, ಅದೊಂದೇ ನನ್ನ ತಪ್ಪು. ಮುಚ್ಚಳ ತೆಗೆದ ಕೂಡಲೆ ಪೆಟ್ಟಿಗೆ ಮಾತಾಡಿತು, ಎದೆಯ ಮೇಲಿನ ಬಟ್ಟೆ ತೆಗೆಯಿರಿ, ಎಷ್ಟು ತಣ್ಣಗಿನ ದನಿ, ಅದಕ್ಕೆ ಅಣ್ಣನೂ ಇಲ್ಲ ಮ್ಯಾನೇಜರೂ ಇಲ್ಲ. ದೊಡ್ಡ ಕತ್ತರಿ, ಅಂಚಿಂದ ಕುತ್ತಿಗೆವರೆಗೆ ಒಂದೇ ಓಟ, ಒಳಂಗಿಯ ನಡುವಿಗೆ ಇನ್ನೊಂದು, ಸರ ಪಕ್ಕಕ್ಕೆ ಸರಿಸಿದೆ, ಬೆವರು ಒರೆಸಿದೆ, ಬಲಗಡೆ ಭುಜದ ಎಲುಬಿನ ಕೆಳಗೆ ಒಂದು ಪಟ್ಟಿ, ಎಡಗಡೆ ಕಂಕುಳ ಕೆಳಗೆ ಒಂದು. ಯಾರೂ ಮುಟ್ಟಬೇಡಿ ಅಂತು. ಮಾಮಾ ಕೈ ತೆಗಿ, ಎಲ್ಲ ಹಿಂದೆ ಸರೀರಿ, ಅಂತ ಕಿರುಚಿ ಮಿನುಗೋ ಗುಂಡಿ ಒತ್ತಿದೆ, ಮೈ ಒಮ್ಮೆ ಎಗರಿ ಬಿತ್ತು, ಮತ್ತೆ ಎದೆ ಒತ್ತಿ ಅಂತು, ಒತ್ತಿದೆವು, ಮಾಮ, ನಾನು, ಮಾಮ, ನಾನು, ಎರಡು ನಿಮಿಷ ಅಂದರೆ ಎಷ್ಟು ಉದ್ದ, ಅಳತೆಪಟ್ಟಿಗೂ ಸಿಗದಷ್ಟು, ಮತ್ತೆ ಪರೀಕ್ಷೆ, ಮತ್ತೆ ಕೊಡಿ ಅಂತು, ಕೊಟ್ಟೆ, ಮತ್ತೆ ಒತ್ತಿದೆ, ಆಗ ಗಂಟಲಲ್ಲಿ ಏನೋ ಗೊರ್ ಅಂತು, ಕೆಮ್ಮಿದಳು, ನಾನು ಒತ್ತೋದು ನಿಲ್ಲಿಸಿದೆ, ಅವಳ ಬಲಗೈ ನೆಲದಿಂದ ಎದ್ದಿತು, ಗಾಳೀಲಿ ತಡಕಾಡ್ತು, ಬಟ್ಟೆ ಎಳಕೊಳ್ತಾಳೆ, ಎದೆ ಮುಚ್ಕೊಳ್ತಾಳೆ ಅಂದುಕೊಂಡೆ, ಇಲ್ಲ, ಆ ಕೈ —

ಟೈಲರಮ್ಮ, ಬನ್ನಿ ಒಳಗೆ. ಹೋದೆ. ಸಹಿ ಆಯ್ತಾ ಅಂದರು ಮ್ಯಾನೇಜರು. ಅಣ್ಣ ನನ್ನ ಮುಖ ನೋಡಲಿಲ್ಲ, ಫೋನು ನೋಡ್ತಾ, ನಾಲ್ಕು ಜನರ ಮುಂದೆ ನನ್ನ ತಂಗೀನ ಹೀಗೆ, ನಿಮ್ಮ ಮಗಳಾಗಿದ್ದರೆ ಮಾಡ್ತಿದ್ರಾ, ಅಂದರು, ದನಿ ಒಡೆದಿತ್ತು, ಮೂರು ದಿನದಿಂದ ನಿದ್ದೆ ಇಲ್ಲದ ಕಣ್ಣು. ಮಗಳಿದಾಳೆ ಅಂದೆ, ಅವಳು ಎಲ್ಲಾದರೂ ಬಿದ್ದರೆ ಹತ್ತಿರದಲ್ಲಿ ಕತ್ತರಿ ಇರೋರು ಯಾರಾದ್ರೂ ಇರಲಿ, ನಾಚಿಕೆ ಇರೋರು ದೂರ ಇರಲಿ. ಕೂಗಿದೆ ಅನ್ನಿಸ್ತದೆ, ಹೊರಗೆ ಬಿಲ್ ಕೌಂಟರಿನ ಹುಡುಗಿಯರು ಇತ್ತ ತಿರುಗಿದರು. ಸಹಿ ಬೇಕಾದರೆ ಮೆಟ್ಟಿಲ ಮೇಲೆ ನಿಂತು ವಿಡಿಯೋ ತೆಗೆದೋರನ್ನ ಹುಡುಕಿ ಹಾಕಿಸಿ, ನಾನು ಹಾಕಲ್ಲ. ಹಾಳೆ ಮೇಜಿನ ಮೇಲೆ ಮಗುಚಿ ಇಟ್ಟೆ. ಕೆಲಸದ ಮಾತು ಬರ್ತದೆ ಟೈಲರಮ್ಮ, ಅಂದರು ಮ್ಯಾನೇಜರು ಮೆಲ್ಲಗೆ. ಬರಲಿ ಸಾರ್, ನಾಳೆ ನೀವೇ ಬಿದ್ದರೂ ನಾನೇ ಬರ್ತೀನಿ, ಆ ಟೈಗೂ ಕತ್ತರಿ ಹಾಕ್ತೀನಿ. ಮ್ಯಾನೇಜರ ಕೈ ಟೈ ಗಂಟಿಗೆ ಹೋಯಿತು. ಆಮೇಲೆ ಅಣ್ಣ, ಯಾರಿಗೂ ಅಲ್ಲ ಅನ್ನೋ ಹಾಗೆ, ಇವತ್ತು ಬೆಳಿಗ್ಗೆ ತಂಗಿ ಸರಿಯಾಗಿ ಮಾತಾಡಿದಳು ಅಂದರು, ಮೊದಲು ಕೇಳಿದ್ದು ನನ್ನ ಬಸ್ಸು ಯಾರು ಓಡಿಸ್ತಿದಾರೆ ಅಂತ, ವಿಡಿಯೋ ವಿಷಯ ಹೇಳಿದೆ, ಸತ್ತೋಗಿದ್ರೆ ಚೆನ್ನಾಗಿರ್ತಿತ್ತಾ ಅಣ್ಣಾ ಅಂದಳು. ಅವಳ ಹಾಸಿಗೆ ಪಕ್ಕದಿಂದ ನಾನು ಎದ್ದು ಬಂದುಬಿಟ್ಟೆ, ಅಂದರು. ಅಣ್ಣ ಹಾಳೆ ತಗೊಂಡರು, ನಾಲ್ಕು ಮಡಿಕೆ ಮಾಡಿದರು, ಮ್ಯಾನೇಜರಿಗೆ ಕೊಡಲಿಲ್ಲ, ಜೇಬಿಗೆ ಹಾಕಿಕೊಂಡು ಎದ್ದರು, ಬಾಗಿಲಲ್ಲಿ ನಿಂತು, ಅವಳಿಗೆ ನೋವಾಗಿತ್ತಾ ಅಂತ ನನ್ನ ಕೇಳಿದರು. ಏನು ಹೇಳಲಿ, ನನಗೆ ಗೊತ್ತಿರೋದು ಒಂದೇ, ಊರೆಲ್ಲ ಕಣ್ಣು ಬಿಟ್ಟುಕೊಂಡು ನಿಂತಿತ್ತು, ಮಾನ ಮಾನ ಅಂತ ಯಾರ್‍ಯಾರೋ ಗೊಣಗ್ತಿದ್ದರು, ಅವಳ ಕೈ ಎದೆ ಕಡೆ ಹೋಗಲೇ ಇಲ್ಲ, ನನ್ನ ಹೆಬ್ಬೆರಳು ಹಿಡೀತು, ಈಗ ಹುಟ್ಟಿದ ಕೂಸು ಹಿಡಿಯೋ ಹಾಗೆ, ಉಗುರು ಬೆಳ್ಳಗಾಗೋ ಹಾಗೆ, ಹಿಡೀತು, ಬಿಡಲಿಲ್ಲ, ಆ ಕೈ, ನನ್ನ ಹೆಬ್ಬೆರಳು, ಆ ಕೈ