ಹೊನ್ನಿನ ಸೂರಿಗೆ ಬಿದ್ದ ಗೀರು

ಟ್ಯೂಲೀಲೇಕ್ ಊರಿನ ಹೋಟೆಲಿನಲ್ಲಿ ಗುಹೆ ಹುಡುಕುವ ತಂಡದವರು ವಾರದ ಕಾಫಿಗೆ ಸೇರಿದ್ದರು. ಇನೆಜ್ ತಂಡಕ್ಕೆ ಹೊಸಬಳು. ಕರಿಬಂಡೆಗಳ ಸಂದಿಯಲ್ಲಿ ತಣ್ಣನೆ ಗಾಳಿ ಬೀಸುವ ಬಿಲವೊಂದನ್ನು ಕಂಡೆ ಎಂದು ಅವಳು ಹೇಳಿದಾಗ ಎಲ್ಲರೂ ಮೇಜು ಕುಟ್ಟಿದರು. ತಂಡದ ಹಳಬಳು ಡಾರ್ಲಾ ಮಾತ್ರ ಪ್ಯಾನ್‌ಕೇಕನ್ನು ಸುಮ್ಮನೆ ಕೊಚ್ಚುತ್ತ ಕೂತಳು. ಎಂದೋ ಲಾವಾ ಹರಿದು ಟೊಳ್ಳುಮಾಡಿ ಹೋದ ಆ ಬಯಲನ್ನು ಅವಳು ಇಪ್ಪತ್ತು ವರ್ಷ ಮೊಣಕಾಲು ಸವೆಯುವಂತೆ ತಡಕಿದ್ದಳು. ಹೊಸ ಗುಹೆ ಒಂದೂ ಸಿಕ್ಕಿರಲಿಲ್ಲ.

"ಶನಿವಾರ ಎಲ್ರೂ ಹೋಗೋಣ. ಅಲ್ಲೀವರ್ಗೂ ನಾನೂ ಇಳಿಯಲ್ಲ" ಎಂದಳು ಇನೆಜ್.

ಹೊಸ ಗುಹೆಯನ್ನು ಅಳೆಯುತ್ತಲೇ ಹೊಗಬೇಕು, ಅದೂ ಅದನ್ನು ಪತ್ತೆಮಾಡಿದವರ ಜೊತೆಗೇ, ಎಂಬುದು ತಂಡದ ಕಟ್ಟುಪಾಡು. ಬೇರೆಯವರು ಮೊದಲು ನುಗ್ಗಿದರೆ ಅದು ಕಳ್ಳತನಕ್ಕೆ ಸಮ.

"ಎಡವಿ ಬಿದ್ದ ಕಡೆ ಸಿಕ್ತಂತೆ ಅವಳಿಗೆ" ಎಂದು ಡಾರ್ಲಾ ಮನೆಯಲ್ಲಿ ಗೊಣಗಿದಳು.

"ನೀನೂ ಎಡವಿದ್ದೇನು ಕಮ್ಮಿಯಾ?" ಗಂಡ ವೆಂಡೆಲ್ ನಕ್ಕ. "ಹೊಟ್ಟೆ ಉರ್ಕೋಬೇಡ. ಆ ಕಟ್ಟುಪಾಡು ಹಾಕ್ದೋಳು ನೀನೇ ಅಲ್ವಾ?"

ಹೊಟ್ಟೆಕಿಚ್ಚು ಬುದ್ಧಿಮಾತಿಗೆ ಆರುವ ಬೆಂಕಿಯಲ್ಲ. ಶುಕ್ರವಾರ ಬೆಳಿಗ್ಗೆ, ಇಣುಕಿ ಬರುತ್ತೇನೆ ಅಷ್ಟೇ ಎಂದುಕೊಂಡು ಡಾರ್ಲಾ ಇನೆಜ್ ಹೇಳಿದ್ದ ಬಿಲಕ್ಕೆ ಒಬ್ಬಳೇ ಹೋದಳು. ಇಣುಕಿದವಳು ಇಳಿದಳು, ಇಳಿದವಳು ತೆವಳಿದಳು. ದೀಪವೆತ್ತಿದರೆ ಸೂರಿನ ತುಂಬ ಹೊನ್ನು. ಕಲ್ಲಿನ ಮೇಲೆ ಬೆಳೆದ ಬ್ಯಾಕ್ಟೀರಿಯಾದ ತೆಳು ಪದರ, ಅದರ ಮೇಲೆ ಕೂತ ನೀರಹನಿಗಳು, ಒಂದೊಂದೂ ಹೊಳೆಯುತ್ತಿತ್ತು. ಡಾರ್ಲಾಳ ಕಣ್ಣು ತುಂಬಿತು. ಮರುಕ್ಷಣವೇ, ಇದೂ ಆ ಇನೆಜಳದೇ ಎಂದು ಸಿಟ್ಟು ಉಕ್ಕಿತು. ಆ ಸಿಟ್ಟಿನಲ್ಲಿ ರಪ್ಪನೆ ತಿರುಗಿದಾಗ ಹೆಲ್ಮೆಟ್ ಸೂರಿಗೆ ಉಜ್ಜಿ, ಹೊನ್ನಿನ ನಡುವೆ ಉದ್ದಕ್ಕೆ ಕರಿ ಗೀರು ಬಿತ್ತು. ಅದು ಬೇಗ ಮುಚ್ಚುವ ಗಾಯವಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಉಳಿದವರು ಮೇಲೆ ಕಾದರು. ಒಳಗೆ ಇಬ್ಬರಿಗಷ್ಟೇ ಜಾಗ. ಇನೆಜ್ ಅಳತೆಪಟ್ಟಿಯ ತುದಿಯನ್ನು ಡಾರ್ಲಾಳತ್ತ ಚಾಚಿದಳು. ತುದಿ ಹಿಡಿದವರೇ ಮುಂದೆ ಹೋಗುವುದು.

"ಸಿಕ್ಕಿದ್ದು ನಿಂಗೆ ಕಣೆ" ಎಂದಳು ಡಾರ್ಲಾ.

"ಸಿಕ್ಕಿದ್ದು ನಂಗೆ, ಹುಡುಕಿದ್ದು ನೀವು. ಹೋಗಿ, ನಾನು ಹಿಂದೆ ಅಳತೆ ಬರ್ಕೊಂಡು ಬರ್ತೀನಿ."

ಡಾರ್ಲಾ ಪಟ್ಟಿಯ ತುದಿ ಹಿಡಿದಳು. ಒಂದೇ ಒಂದು ದಿನ ತಾಳಿದ್ದರೆ ಇದು ತಾನಾಗಿಯೇ ಕೈಗೆ ಬರುತ್ತಿತ್ತು. ಕಲ್ಲು ಕಳಚಿ ಬಿದ್ದು ಆದ ಗೀರು ಎಂಬ ಸುಳ್ಳನ್ನು ರಾತ್ರಿಯೇ ಹೊಂದಿಸಿಟ್ಟುಕೊಂಡಿದ್ದಳು. ತೆವಳಿ ಹೋಗಿ ಗೀರಿನ ಕೆಳಗೆ ನಿಂತಳು.

"ಏನ್ ಕಾಣ್ತಿದೆ? ಬೇಗ ಹೇಳಿ, ತಡ್ಕೊಳ್ಳೋಕಾಗ್ತಿಲ್ಲ" ಎಂದು ಇನೆಜ್ ಹಿಂದಿನಿಂದ ಕೂಗಿದಳು. ಆ ದನಿಯಲ್ಲಿ ಅಸೂಯೆಯ ಸುಳಿವೂ ಇರಲಿಲ್ಲ.

ಡಾರ್ಲಾ ಹಿಂದಕ್ಕೆ ತೆವಳಿ ಬಂದು ಪಟ್ಟಿಯ ತುದಿಯನ್ನು ಅವಳ ಕೈಗಿಟ್ಟಳು.

"ಚಿನ್ನದಂಥ ಸೂರಿದೆ. ನಡುವೆ ಗೀರೂ ಇದೆ. ನಿನ್ನೆ ಕದ್ದು ಬಂದು ನಾನು ಮಾಡಿದ್ದು. ಮೇಲಿರೋರಿಗೂ ನಾನೇ ಹೇಳ್ತೀನಿ."

ಇನೆಜ್ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿಮಗೇ ಅಂತ ಇಟ್ಟಿದ್ದೆ ನಾನು" ಎಂದಳು. ನಕ್ಷೆಯ ಹಾಳೆಯನ್ನೂ ಪೆನ್ಸಿಲನ್ನೂ ಡಾರ್ಲಾಳಿಗೆ ಕೊಟ್ಟು ಮುಂದೆ ತೆವಳಿದಳು.

ಡಾರ್ಲಾ ನಕ್ಷೆಯಲ್ಲಿ ಮೊದಲು ಆ ಗೀರನ್ನು ಎಳೆದು, ಪಕ್ಕದಲ್ಲಿ ತನ್ನ ಹೆಸರು ಬರೆದಳು.