ದಣಿವಿನ ಸುದ್ದಿ

"ಮಡಕೆ ಎತ್ಕೋ ಅಂಬಿಕಾ," ಎಂದ ಸೋದರಮಾವ ನಾಗಪ್ಪ. "ಚಟ್ಟ ಒಂದ್ಸಲ ಇಳಿಸಿದ್ದಾಯ್ತು. ಇನ್ನು ಸುಡುಗಾಡಿನವರೆಗೆ ಇಳಿಸೋ ಹಾಗಿಲ್ಲ. ಬೆಂಕಿ ಹಿಡಿದವರನ್ನ ದಾಟಿ ಮುಂದೆ ಹೋಗೋ ಹಾಗೂ ಇಲ್ಲ."

ಅಂಬಿಕಾ ಬೆಂಕಿಯ ಮಡಕೆಯನ್ನು ಹಗ್ಗದಲ್ಲಿ ತೂಗಿ ಹಿಡಿದು ಮುಂದೆ ನಡೆದಳು. ಹಿಂದೆ ನಾಲ್ವರು ಅವಳ ಅಮ್ಮ ಯಮುನಮ್ಮನನ್ನು ಹೆಗಲಿಗೇರಿಸಿಕೊಂಡರು. ಬೇಗಾರು ಊರಿನ ಏರುದಾರಿ ಶುರುವಾಯಿತು.

"ಬದುಕಿದ್ದಾಗ ಈ ಏರಲ್ಲಿ ನಾಲ್ಕು ಕಡೆ ಕೂರ್ತಿದ್ಲು," ಎಂದ ಎಸ್ಟೇಟಿನ ಮೇಸ್ತ್ರಿ ಚೋಮ. "ಈಗ ಆರಾಮ ನೋಡು, ನಮ್ಮ ಹೆಗಲ ಮೇಲೆ."

"ಸುಮ್ನಿರು ಮಾರಾಯ, ಮಗಳು ಕೇಳಿಸ್ಕೊಳ್ತಾಳೆ," ಎಂದ ಪಕ್ಕದಲ್ಲಿದ್ದ ದೇವಪ್ಪ.

"ಕೇಳಿಸ್ಕೊಳ್ಳಲಿ. ಸದ್ಯ ಅವಳು ಅಮ್ಮನ ಹಾಗಲ್ಲ, ಗಟ್ಟಿಗಿತ್ತಿ."

ಅಂಬಿಕಾಳ ತೊಡೆಗಳು ಆಗಲೇ ನಡುಗುತ್ತಿದ್ದವು. ಅವಳ ಕಾಲು ಸೋಲುವುದು ಗೊತ್ತಿದ್ದವಳು ಅಮ್ಮ ಒಬ್ಬಳೇ.

*

ಹೋದ ವರ್ಷ ದೊಡ್ಡಾಸ್ಪತ್ರೆಯ ಡಾಕ್ಟರು ಯಮುನಮ್ಮನ ಕೆಲಸ ಏನೆಂದು ಕೇಳಿ, ಕಾಯಿಲೆಯನ್ನು ಅದರ ಮಾತಲ್ಲೇ ವಿವರಿಸಿದ್ದರು.

"ಕಾಫಿ ಬುಟ್ಟಿ ಕೈಯಿಂದ ಕೈಗೆ ದಾಟಿಸ್ತೀರಲ್ಲ, ಹಾಗೇ ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಎಲೆಕ್ಟ್ರಾನ್ ದಾಟಿಸ್ತದೆ. ಶಕ್ತಿ ಬರೋದು ಅದರಿಂದ. ದಾಟಿಸುವಾಗ ಒಂದಿಷ್ಟು ಚೆಲ್ಲಿ ಆಮ್ಲಜನಕಕ್ಕೆ ಸೇರ್ತದೆ. ಅದೇ ಕೋಶಕ್ಕೆ ದಣಿವಿನ ಸುದ್ದಿ. ಅದು ತಲುಪಿದ್ರೆ ಕೋಶ ರಿಪೇರಿ ಶುರು ಮಾಡ್ತದೆ."

"ಮತ್ತೆ ನಂಗೆಂತ ಆಗಿದೆ?"

"ನಿಮ್ಮಲ್ಲಿ ಆ ದಾಟಿಸೋ ಸಾಲೇ ಕೆಟ್ಟಿದೆ. ತುಂಬ ಚೆಲ್ಲಿದ್ರೆ ಅದು ಸುದ್ದಿಯಾಗಿ ಉಳಿಯೂದಿಲ್ಲ, ಕೋಶವನ್ನೇ ಸುಡ್ತದೆ. ದಣಿವಾದ್ರೆ ಕೂರ್ಲೇಬೇಕು. ಇದು ತಾಯಿಯಿಂದ ಮಕ್ಕಳಿಗೂ ಬರಬಹುದು."

ಊರಿಗೆ ಮರಳುವ ಬಸ್ಸು ಜಯಪುರ ದಾಟಿತು. ಯಮುನಮ್ಮ ಕಿಟಕಿಯ ಕಡೆಗೇ ಮುಖ ಮಾಡಿ, "ನಿಂಗೂ ಕಾಲು ಸೋಲ್ತದಾ ಕೂಸೇ?" ಎಂದಳು.

"ಹ್ಞೂಂ."

"ಯಾರಿಗೂ ಹೇಳ್ಬೇಡ. ಕಾಯಿಲೆ ಅಂದ್ರೆ ನಂಬೂದಿಲ್ಲ, ಸೋಮಾರಿ ಅಂತಾರೆ. ನಂಗೆ ಅಂದದ್ದು ಸಾಕು."

*

ಏರಿನ ನಡುವೆ ಅಂಬಿಕಾಳ ಮೊಣಕಾಲು ಸಡಿಲಾಯಿತು. ಇನ್ನೂ ಸ್ವಲ್ಪ ದೂರ ಹೇಗೋ ಹೋಗಬಹುದಿತ್ತು. ಅವಳು ಮಡಕೆಯ ಹಗ್ಗ ಬಿಡದೆ ದಾರಿಯಲ್ಲೇ ಕುಳಿತಳು.

"ಎಂತಾಯ್ತು? ಕೊಡು, ನಾನು ಹಿಡೀತೆ," ಎಂದ ನಾಗಪ್ಪ.

"ಬೇಡ ಮಾವ, ನಾನೇ ತರ್ತೆ. ಅಮ್ಮಂಗಿದ್ದ ಕಾಯಿಲೆ ನಂಗೂ ಇದೆ. ಸ್ವಲ್ಪ ಕೂರ್ಬೇಕು."

ಚಟ್ಟ ಇಳಿಸುವ ಹಾಗಿಲ್ಲ, ಬೆಂಕಿ ದಾಟುವ ಹಾಗೂ ಇಲ್ಲ. ನಾಲ್ವರೂ ಹೆಣ ಹೊತ್ತೇ ಏರಿನಲ್ಲಿ ನಿಂತರು. ಚೋಮ ಬಿದಿರನ್ನು ಎಡಹೆಗಲಿನಿಂದ ಬಲಕ್ಕೆ ಬದಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಎಡಕ್ಕೆ. ಅವನ ಏದುಸಿರು ಅಂಬಿಕಾಳ ಬೆನ್ನಿಗೆ ತಾಗುವಷ್ಟು ಹತ್ತಿರವಿತ್ತು. ಅವಳು ಕಾಲು ನೀಡಿಕೊಂಡು ಕುಳಿತೇ ಇದ್ದಳು.